ಖಿಲಾಫತ್ ಬೇಕು ಅನ್ನದಿದ್ದರೆ ಈಮಾನ್ ಅರ್ಧವಾಗುತ್ತದಾ?

ಖಿಲಾಫತ್, ಅಂದರೆ ಖಲೀಫರ ಧಾರ್ಮಿಕ ಆಡಳಿತ, ಬಯಸದವನ ಈಮಾನ್ (ನಂಬಿಕೆ) ಅರ್ಧ ಎನ್ನುತ್ತಾರೆ ಗೆಳೆಯರು, ಮನೆಯವರ ಮೊಹರಂ ಬಿಡಿಸಬೇಕಾ ಎಂದು ಕೇಳಿದ್ದೀರಿ. ಇಪ್ಪತ್ತನೇ ವಯಸ್ಸಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ, ದಾವಣಗೆರೆ ಆಜಾದ್ ನಗರದ ಒಂದು ಮಹಡಿ ಕೋಣೆಯಲ್ಲಿ ಕೂತು.

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಅಜ್ಜ ಚನ್ನಗಿರಿ ಕಡೆಯ ಹಳ್ಳಿಯಲ್ಲಿ ಬಾಬಯ್ಯನ ಹಬ್ಬಕ್ಕೆ, ಅಂದರೆ ಮೊಹರಂಗೆ, ಪಂಜಾ (ಕೈ ಆಕಾರದ ಲೋಹದ ಲಾಂಛನ) ಹಿಡಿಯುತ್ತಿದ್ದರು. ಲಿಂಗಾಯತರು, ನಾಯಕರು, ಎಲ್ಲರ ಮನೆ ಹೆಂಗಸರೂ ಸಕ್ಕರೆಗೆ ಪ್ರಾರ್ಥನೆ ಓದಿಸಲು ಬರುತ್ತಿದ್ದರು. ಆ ವರ್ಷ ಅಷ್ಟೂ ಜನರ ಎದುರು ನಾನು ಅಜ್ಜನಿಗೆ, "ಇದು ಶಿರ್ಕ್, ಬಿಡಿ" ಅಂದೆ. ದೇವರಿಗೆ ಬೇರೆಯವರನ್ನು ಸಮ ಮಾಡುವ ಪಾಪ ಅಂತ ಅದರ ಅರ್ಥ. ಅವರ ಕೈಯಲ್ಲಿ ಸಕ್ಕರೆ ತಟ್ಟೆ ಇತ್ತು. ಮೆಲ್ಲಗೆ ಕೆಳಗಿಟ್ಟರು. ಮರುವರ್ಷ ಮೊಣಕಾಲು ನೋವು ಅಂತ ಪಂಜಾ ಹಿಡಿಯಲಿಲ್ಲ. ಅದರ ಮುಂದಿನ ಹಬ್ಬಕ್ಕೆ ಅಜ್ಜನೇ ಇರಲಿಲ್ಲ.

ನಾನು ಓದಿದ್ದು ತಪ್ಪಲ್ಲ, ಪ್ರಶ್ನೆ ಕೇಳಿದ್ದೂ ತಪ್ಪಲ್ಲ. ಎರಡು ತಿಂಗಳ ಓದು ಇಟ್ಟುಕೊಂಡು ಐವತ್ತು ವರ್ಷದ ಭಕ್ತಿಗೆ ತೀರ್ಪು ಕೊಟ್ಟೆ, ಅದು ತಪ್ಪು. ಅದೂ ಜನರ ಮುಂದೆ. ಪಂಜಾ ಹಿಡಿದಾಗ ಮನಸ್ಸಲ್ಲಿ ಏನು ನೆನೀತೀರಿ ಅಂತ ಒಂದು ಸಲವೂ ಅವರನ್ನು ಕೇಳಲಿಲ್ಲ. ಒಬ್ಬರೇ ಇದ್ದಾಗ ಕೇಳಿದ್ದರೆ ಕೂರಿಸಿಕೊಂಡು, ಕರ್ಬಲಾದಲ್ಲಿ ಮಡಿದ ಪ್ರವಾದಿಯವರ ಮೊಮ್ಮಗ ಹುಸೇನರ ಕಥೆ ಹೇಳುತ್ತಿದ್ದರು. ಇದನ್ನು ಎಷ್ಟು ಸಲ ಹೇಳಿಕೊಂಡರೂ ನನಗೆ ಸಮಾಧಾನವಿಲ್ಲ.

ಆ ಕೋಣೆಯಲ್ಲಿ ನಮಗೆ ಓದಿಸಿದ್ದು ಮೌದೂದಿ ಅವರನ್ನು ಮಾತ್ರ. ಧಾರ್ಮಿಕ ಆಡಳಿತ ಬೇಕೆಂದು 1941ರಲ್ಲಿ ಲಾಹೋರಿನಲ್ಲಿ ಜಮಾಅತೆ ಇಸ್ಲಾಮಿ ಸಂಘಟನೆ ಕಟ್ಟಿದವರು ಅವರು. ದೇವಬಂದಿನ ಧರ್ಮವಿದ್ವಾಂಸ ಹುಸೇನ್ ಅಹ್ಮದ್ ಮದನಿ, ಈ ದೇಶದ ಹಿಂದೂ ಮುಸ್ಲಿಮರು ಸೇರಿ ಒಂದೇ ಕೌಮ್ (ರಾಷ್ಟ್ರ) ಎಂದು 1938ರಲ್ಲೇ ವಾದಿಸಿದ್ದರು. ಅದನ್ನು ಯಾರೂ ಹೇಳಲಿಲ್ಲ. ಈಜಿಪ್ಟಿನ ಅಲಿ ಅಬ್ದುಲ್ ರಾಝಿಕ್, ಕೈರೋದ ಪ್ರಸಿದ್ಧ ಧಾರ್ಮಿಕ ವಿದ್ಯಾಪೀಠ ಅಝ್ಹರ್‌ನಲ್ಲೇ ಓದಿದ ನ್ಯಾಯಾಧೀಶರು, ಖಿಲಾಫತ್ ಧರ್ಮದ ಕಡ್ಡಾಯವಲ್ಲ ಎಂದು 1925ರಲ್ಲಿ ಬರೆದರು. ಟರ್ಕಿ ಖಿಲಾಫತ್ ರದ್ದು ಮಾಡಿ ಒಂದೇ ವರ್ಷ ಆಗಿತ್ತು. ಅಝ್ಹರ್ ಅವರನ್ನು ಉಲಮಾ (ಧರ್ಮವಿದ್ವಾಂಸರ) ಪಟ್ಟಿಯಿಂದಲೇ ತೆಗೆದುಹಾಕಿತು. ಅಂದರೆ ಈ ಜಗಳ ನಮ್ಮೊಳಗಿನದೇ, ಹಳೆಯದೇ.

ಪ್ರವಾದಿಯವರ ನಂತರ ಆಳಿದ ಮೊದಲ ನಾಲ್ಕು ಖಲೀಫರನ್ನೇ ನೋಡಿ. ಅಬೂಬಕರ್ ಅವರನ್ನು ಮದೀನಾದ ಸಖೀಫಾ ಎಂಬ ಸಭಾಮಂಟಪದಲ್ಲಿ ಸೇರಿದವರು ಒಪ್ಪಿದರು. ಉಮರ್ ಅವರನ್ನು ಅಬೂಬಕರ್ ಹೆಸರಿಸಿದರು. ಉಸ್ಮಾನ್ ಆಯ್ಕೆಗೆ ಆರು ಜನರ ಸಮಿತಿ ಇತ್ತು. ಅಲಿ ಅವರಿಗೆ ಮದೀನಾದ ಜನ ಬೈಅತ್ (ನಿಷ್ಠೆಯ ಪ್ರತಿಜ್ಞೆ) ಕೊಟ್ಟರು. ನಾಲ್ವರು, ನಾಲ್ಕು ದಾರಿ. ಇನ್ನು ಒಂದೇ ಮಾದರಿ ಎಲ್ಲಿಂದ ಬಂತು?

ಹಾಗಾಗಿ ಮನೆಯೋ ಈಮಾನೋ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅದು ಆ ಕೋಣೆ ನಿಮ್ಮ ತಲೆಗೆ ಹಾಕಿದ ಪ್ರಶ್ನೆ. ಗೆಳೆಯರ ಹತ್ತಿರ ಮದನಿ ಬಗ್ಗೆ ಕೇಳಿ, ಜೋರಾಗಿಯೇ ವಾದ ಮಾಡಿ. ಮನೆಯಲ್ಲಿ ಪಂಜಾ ಹಿಡಿಯುವವರು ಇನ್ನೂ ಇದ್ದಾರೆ ಅಲ್ವಾ? ಈ ಸಲ ಊರಿಗೆ ಹೋದಾಗ ಅವರ ಪಕ್ಕ ಸುಮ್ನೆ ಕೂತು, ನಾನು ಕೇಳದೆ ಬಿಟ್ಟಿದ್ದನ್ನು ಕೇಳಿ.