ಅಮೆರಿಕದ ಕಿವುಡರು ಇಂಪ್ಲಾಂಟನ್ನು ಏಕೆ ವಿರೋಧಿಸಿದರು?

ಅಮೆರಿಕದ ಕಿವುಡರಲ್ಲಿ ಕೆಲವರು ತಮ್ಮನ್ನು ಅಂಗವಿಕಲರೆಂದು ಕರೆಯುವುದನ್ನೇ ಒಪ್ಪುವುದಿಲ್ಲವೆಂದೂ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಕೂರಿಸಿ ಶಬ್ದ ತಿಳಿಯುವಂತೆ ಮಾಡುವ ಸಾಧನ) ಹಾಕಿಸುವುದನ್ನು ವಿರೋಧಿಸುತ್ತಾರೆಂದೂ ಓದಿ, ಇದು ಮಕ್ಕಳಿಗೆ ಮಾಡುವ ಅನ್ಯಾಯವಲ್ಲವೇ ಎಂದು ಕೇಳಿದ್ದೀರಿ. ನಾವು ಮೇರಿಲ್ಯಾಂಡ್‌ನಲ್ಲಿದ್ದೇವೆ. ನಮ್ಮ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳಿಗೆ ಇಂಪ್ಲಾಂಟನ್ನೂ ಹಾಕಿಸಿದ್ದೇವೆ, ಸನ್ನೆ ಭಾಷೆಯನ್ನೂ ಕಲಿಸಿದ್ದೇವೆ.

ಮೊದಲು ಹೆಸರಿನ ವಿಷಯ. ಇಲ್ಲಿ ಅನೇಕರು ಕಿವುಡ ಎಂಬರ್ಥದ ಇಂಗ್ಲಿಷಿನ 'ಡೆಫ್' ಪದವನ್ನು ದೊಡ್ಡಕ್ಷರದ Dಯಿಂದ ಬರೆದುಕೊಳ್ಳುತ್ತಾರೆ. ನಮಗೆ ಕನ್ನಡಿಗ ಎಂಬುದು ಹೇಗೋ ಅವರಿಗೆ ಅದು ಹಾಗೆ, ಒಂದು ಭಾಷೆಯನ್ನಾಡುವ ಜನರ ಹೆಸರು. ನಾವು ಮರ್ಯಾದೆಗೆಂದು ಬಳಸುವ 'ಶ್ರವಣದೋಷವುಳ್ಳವರು' ಎಂಬ ಮಾತಿನಲ್ಲಿ ದೋಷವೇ ಎದ್ದು ಕಾಣುತ್ತದೆ. ಆದ್ದರಿಂದ ನಾನು ಕಿವುಡರು ಎಂದೇ ಬರೆಯುತ್ತಿದ್ದೇನೆ.

ಅವರ ಸಿಟ್ಟಿಗೆ ದೀರ್ಘ ಇತಿಹಾಸವಿದೆ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ್ದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿದ ಬಳಿಕ ಅಮೆರಿಕದ ಬಹುಪಾಲು ಶಾಲೆಗಳೂ ಅದೇ ದಾರಿ ಹಿಡಿದವು, ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿದ್ದವು. 1864ರಲ್ಲಿ ಲಿಂಕನ್ ಸಹಿಯಿಂದ ಪದವಿ ನೀಡುವ ಅಧಿಕಾರ ಪಡೆದ, ಕಿವುಡರ ಉನ್ನತ ಶಿಕ್ಷಣದ ಗ್ಯಾಲಡೆಟ್ ಸಂಸ್ಥೆಗೆ ಮೊದಲ ಕಿವುಡ ಅಧ್ಯಕ್ಷರಾಗಿ ಐ. ಕಿಂಗ್ ಜೋರ್ಡನ್ ಬಂದದ್ದು 1988ರಲ್ಲಿ, ಅದೂ ವಿದ್ಯಾರ್ಥಿಗಳು ವಾರಕಾಲ ಹೋರಾಡಿದ ಮೇಲೆ. ಇದಾದ ಎರಡೇ ವರ್ಷಕ್ಕೆ, ಎರಡು ವರ್ಷ ತುಂಬಿದ ಮಕ್ಕಳಿಗೂ ಇಂಪ್ಲಾಂಟ್ ಹಾಕಲು ಸರ್ಕಾರ ಅನುಮತಿ ನೀಡಿದಾಗ, ಕಿವುಡರ ರಾಷ್ಟ್ರೀಯ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ದಿ ಡೆಫ್ 1991ರಲ್ಲಿ ಅದನ್ನು ಕಟುವಾಗಿ ಖಂಡಿಸಿತು. 2000ದಲ್ಲಿ ಅದೇ ಸಂಘ ತನ್ನ ನಿಲುವನ್ನು ಸಾಕಷ್ಟು ಸಡಿಲಿಸಿತು.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದೂ 1990ರಲ್ಲೇ. ಆಸ್ಪತ್ರೆಯಲ್ಲಿ ಸನ್ನೆ ಭಾಷೆಯ ದುಭಾಷಿಯನ್ನು ಕೇಳಿ ಪಡೆಯುವ ಹಕ್ಕು ಕಿವುಡರಿಗೆ ಸಿಗುವುದು ಅಂಗವಿಕಲರೆಂಬ ಆ ಹೆಸರಿನಿಂದಲೇ, ಹಾಗಾಗಿ ಅದನ್ನು ಪೂರ್ತಿ ಬಿಟ್ಟುಕೊಡಲು ಅವರಿಂದಾಗದು. ಆದರೆ ಎಲ್ಲರನ್ನೂ ಒಳಗೊಳ್ಳುವುದು ಎಂದರೆ ಎಲ್ಲರಿಗೂ ಒಂದೇ ಅರ್ಥವಲ್ಲ. ಗಾಲಿಕುರ್ಚಿಯ ಮಗುವಿಗೆ ಊರಿನ ಶಾಲೆಯಲ್ಲಿ ಮೆಟ್ಟಿಲಿನ ಬದಲು ಇಳಿಜಾರಿದ್ದರೆ ದಾರಿ ತೆರೆಯುತ್ತದೆ. ನನ್ನ ಮಗಳು ಅಂಥದೇ ಶಾಲೆಯಲ್ಲಿದ್ದಾಗ, ಊಟದ ಹೊತ್ತಿಗೆ ದುಭಾಷಿ ಎದ್ದು ಹೋದರೆ ಅಷ್ಟು ದೊಡ್ಡ ಗದ್ದಲದ ಕೋಣೆಯಲ್ಲಿ ಒಬ್ಬಳೇ ತಟ್ಟೆ ನೋಡುತ್ತ ಕೂರುತ್ತಿದ್ದಳು. ಕಿವುಡರ ಶಾಲೆಗೆ ಸೇರಿಸಿದ ತಿಂಗಳೊಳಗೆ, ಬಾಯ್ತುಂಬ ತುತ್ತಿಟ್ಟುಕೊಂಡೇ ಎರಡೂ ಕೈಯಿಂದ ಗೆಳತಿಯೊಡನೆ ಜಗಳವಾಡುವುದನ್ನು ಕಂಡೆ. ಅಂದು ನನಗೆ ಅಳು ತಡೆಯಲಾಗಲಿಲ್ಲ.

ಇಂಪ್ಲಾಂಟ್ ಹಾಕಿಸುವುದು ಅನ್ಯಾಯವೆಂದು ನಾನು ಹೇಳಲಾರೆ. ಶಬ್ದ ತಿಳಿಯಲು ತೊಡಗುವವರೆಗೆ ಕಾಯೋಣವೆಂದು ಮಗುವನ್ನು ವರ್ಷಗಟ್ಟಲೆ ಯಾವ ಭಾಷೆಯೂ ಇಲ್ಲದೆ ಬಿಡುವುದು ಮಾತ್ರ ಅನ್ಯಾಯವೇ, ಮತ್ತು ಕಿವುಡರು ನಮ್ಮಂಥ ಹೆತ್ತವರಿಗೆ ಹೇಳುತ್ತ ಬಂದದ್ದು ಮುಖ್ಯವಾಗಿ ಇದನ್ನೇ. ರಾತ್ರಿ ಮಲಗುವಾಗ ಮಗಳು ಕಿವಿಯ ಮೇಲಿನ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಡುತ್ತಾಳೆ. ಅಲ್ಲಿಂದ ಮುಂದೆ ಅವಳಿಗೆ ನನ್ನ ದನಿ ಇಲ್ಲ. ಆದರೆ ದಿನದ ಕಥೆಯೆಲ್ಲ ಅವಳು ಶುರುಮಾಡುವುದೇ ಆಗ, ದೀಪ ಆರಿಸಬೇಡವೆಂದು ಸನ್ನೆ ಮಾಡಿ.