ಏನೂ ಕಾಣದ ಎಕೋ, ಮೂರೇ ದಿನದಲ್ಲಿ ಕಂಡ ಸೋಂಕು

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಗಳು ಕೆಟ್ಟು, ಕುತ್ತಿಗೆಗೆ ಹಾಕಿದ ನಳಿಕೆಯ ಮೂಲಕ ಡಯಾಲಿಸಿಸ್ ನಡೆಯುತ್ತಿತ್ತು. ಕಳೆದ ತಿಂಗಳು ವಿಪರೀತ ಜ್ವರ ಬಂದು ಐಸಿಯು ಸೇರಿ ವೆಂಟಿಲೇಟರ್ ಮೇಲಿದ್ದರು. ರಕ್ತದಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಎದೆಯ ಮೇಲಿಂದ ಮಾಡಿದ ಎಕೋದಲ್ಲಿ ಏನೂ ಕಾಣಲಿಲ್ಲ. ಮೂರು ದಿನಗಳ ನಂತರ ಗಂಟಲಿನ ಮೂಲಕ ಮಾಡಿದ ಎಕೋದಲ್ಲಿ ಮೈಟ್ರಲ್ ಕವಾಟದ ಮೇಲೆ 12 ಮಿಲಿಮೀಟರ್ ಉದ್ದದ ಸೋಂಕಿನ ಗೆಡ್ಡೆ ಕಂಡಿತು. ಮೊದಲ ಎಕೋ ಸರಿಯಾಗಿ ಮಾಡಿರಲಿಲ್ಲವೇ? ಅಷ್ಟು ನಿತ್ರಾಣರಾದವರಿಗೆ ಗಂಟಲಿನಲ್ಲಿ ನಳಿಕೆ ಇಳಿಸುವುದು ಬೇಡವೆಂದು ನಾವೇ ಎರಡು ದಿನ ತಡೆದಿದ್ದೆವು. ಅದು ತಪ್ಪಾಯಿತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲ ಎಕೋ ಮಾಡಿದವರನ್ನು ದೂರುವ ಮೊದಲು ಅವರ ಮುಂದೆ ಎಂಥ ಚಿತ್ರವಿತ್ತು ಎಂಬುದನ್ನು ತಿಳಿಯಬೇಕು. ಎಕೋ ಹೃದಯದ ಚಿತ್ರ ತೆಗೆಯುವುದು ಶ್ರವಣಾತೀತ ಧ್ವನಿಯಿಂದ (ಅಲ್ಟ್ರಾಸೌಂಡ್), ಅದು ಗಾಳಿಯನ್ನು ದಾಟಲಾರದು. ವೆಂಟಿಲೇಟರ್ ಶ್ವಾಸಕೋಶಗಳನ್ನು ಉಬ್ಬಿಸಿದಾಗ ಅವು ಹೃದಯದ ಮುಂದೆ ಪರದೆಯಂತೆ ನಿಲ್ಲುತ್ತವೆ. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ ಹೃದಯವನ್ನು ಎದೆಗೂಡಿನ ಹತ್ತಿರಕ್ಕೆ ತರುವುದು, ಉಸಿರು ಬಿಗಿಹಿಡಿಯಲು ಹೇಳುವುದು, ಇವೆರಡೂ ಅಲ್ಲಿ ಸಾಧ್ಯವಾಗುವುದಿಲ್ಲ. ಸೋಂಕಿನ ಗೆಡ್ಡೆಯಾದರೋ ಕೆಲವೇ ಮಿಲಿಮೀಟರ್ ಗಾತ್ರದ್ದು. ಪ್ರತಿ ಬಡಿತಕ್ಕೂ ಕವಾಟದೊಂದಿಗೆ ಅಲುಗಾಡುತ್ತಿರುತ್ತದೆ. ಆದ್ದರಿಂದ ಐಸಿಯುವಿನ ಎಕೋ ವರದಿಯಲ್ಲಿ ‘ಕಾಣಲಿಲ್ಲ’ ಎಂದಿದ್ದರೆ ಅದನ್ನು ‘ಇಲ್ಲ’ ಎಂದು ಓದಬಾರದು. ಚಿತ್ರ ಎಷ್ಟು ಸ್ಪಷ್ಟವಾಗಿತ್ತು ಎಂಬುದನ್ನೂ ವರದಿಯಲ್ಲಿ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಒಂದು ಸಾಲು ಇಲ್ಲದ ವರದಿ ಮನೆಯವರಿಗೆ ಮಾತ್ರವಲ್ಲ, ಕೆಲವೊಮ್ಮೆ ವೈದ್ಯರಿಗೂ ಸುಳ್ಳು ನೆಮ್ಮದಿ ಕೊಡುತ್ತದೆ.

ಗಂಟಲಿನ ಮೂಲಕ ಮಾಡುವ ಎಕೋದಲ್ಲಿ ನಳಿಕೆಯನ್ನು ಅನ್ನನಾಳಕ್ಕೆ ಇಳಿಸುತ್ತಾರೆ. ಅನ್ನನಾಳವು ಹೃದಯದ ಎಡ ಹೃತ್ಕರ್ಣದ ಬೆನ್ನಿಗೇ ಅಂಟಿಕೊಂಡಂತೆ ಇಳಿಯುತ್ತದೆ. ಅಲ್ಲಿಂದ ನೋಡಿದರೆ ನಡುವೆ ಶ್ವಾಸಕೋಶವೂ ಇಲ್ಲ, ಪಕ್ಕೆಲುಬೂ ಇಲ್ಲ. ದೂರ ಕಡಿಮೆಯಾದ್ದರಿಂದ ಹೆಚ್ಚು ಕಂಪನಾಂಕದ ಧ್ವನಿಯನ್ನು ಬಳಸಿ ಸೂಕ್ಷ್ಮವಾದ ಚಿತ್ರ ಪಡೆಯಬಹುದು. ಸಹಜ ಕವಾಟದ ಸೋಂಕಿರುವ 100 ಮಂದಿಯಲ್ಲಿ ಎದೆಯ ಮೇಲಿನ ಎಕೋ ಸುಮಾರು 70 ಮಂದಿಯಲ್ಲಿ ಅದನ್ನು ಗುರುತಿಸಿದರೆ, ಅನ್ನನಾಳದ ಎಕೋ 90ಕ್ಕೂ ಹೆಚ್ಚು ಮಂದಿಯಲ್ಲಿ ಗುರುತಿಸುತ್ತದೆ. ಕೃತಕ ಕವಾಟವಿದ್ದರೆ ಎದೆಯ ಎಕೋ ಅರ್ಧದಷ್ಟು ಮಂದಿಯಲ್ಲಿ ಸೋಲುತ್ತದೆ. ಕವಾಟದ ಬುಡದಲ್ಲಿ ಕೀವು ಕಟ್ಟಿದಾಗಲಂತೂ ಅಂತರ ಇನ್ನೂ ದೊಡ್ಡದು: 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎದೆಯ ಎಕೋ ಶೇ 28ರಷ್ಟು ಕೀವುಗಂಟುಗಳನ್ನು ಕಂಡರೆ, ಅನ್ನನಾಳದ ಎಕೋ ಶೇ 87ರಷ್ಟನ್ನು ಕಂಡಿತು.

ನಿಮ್ಮ ತಂದೆಯವರ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಕುತ್ತಿಗೆಯ ನಳಿಕೆ, ಇಳಿಯದ ಜ್ವರ, ಇವು ಮೂರೂ ಕವಾಟದ ಕಡೆಗೇ ಬೆರಳು ತೋರುತ್ತಿದ್ದವು. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ರೂಪಿಸಿ, 2023ರಲ್ಲಿ ಮತ್ತೆ ಪರಿಷ್ಕೃತವಾದ ಕವಾಟದ ಸೋಂಕಿನ ರೋಗನಿರ್ಣಯದ ಮಾನದಂಡಗಳಲ್ಲಿ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮತ್ತು ಹೃದಯದ ಚಿತ್ರ ಎರಡಕ್ಕೂ ಹಿರಿಯ ಸ್ಥಾನವಿರುವುದು ಇದಕ್ಕಾಗಿಯೇ. ಎಕೋ ಒಂದೇ ತೀರ್ಪು ಕೊಡುವುದಿಲ್ಲ. ಹೆಪ್ಪುಗಟ್ಟಿದ ರಕ್ತವಾಗಲಿ, ವಯಸ್ಸಿನಿಂದ ಸುಣ್ಣಗಟ್ಟಿದ ಕವಾಟವಾಗಲಿ ಸೋಂಕಿನ ಗೆಡ್ಡೆಯಂತೆಯೇ ತೋರಬಹುದು. ಅನುಮಾನ ಬಲವಾಗಿದ್ದು ಗಂಟಲಿನ ಎಕೋದಲ್ಲೂ ಏನೂ ಕಾಣದಿದ್ದರೆ ಐದರಿಂದ ಏಳು ದಿನಗಳಲ್ಲಿ ಮತ್ತೆ ಮಾಡುವುದು ರೂಢಿ.

ಇನ್ನು ನಿಮ್ಮ ಹಿಂಜರಿಕೆ. ಆ ಭಯ ಸಹಜವಾದದ್ದು, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ವೆಂಟಿಲೇಟರ್ ಮೇಲಿರುವವರಿಗೆ ಮಂಪರಿನ ಔಷಧ ನಡೆಯುತ್ತಿರುತ್ತದೆ, ಶ್ವಾಸನಾಳ ಭದ್ರವಾಗಿರುತ್ತದೆ. ಆದ್ದರಿಂದ ಎಚ್ಚರವಿರುವವರಿಗಿಂತ ಅವರಿಗೆ ಈ ಪರೀಕ್ಷೆಯ ಕಷ್ಟ ಕಡಿಮೆ. ಅನ್ನನಾಳಕ್ಕೆ ಗಾಯವಾಗುವುದು ಬಹಳ ಅಪರೂಪ, ಆದರೆ ಆದಾಗ ಗಂಭೀರ. ಅದಕ್ಕೇ ಹಿಂದೆ ರಕ್ತವಾಂತಿ, ನುಂಗಲು ತೊಂದರೆ, ಲಿವರ್ ಕಾಯಿಲೆ ಅಥವಾ ಅನ್ನನಾಳದ ಶಸ್ತ್ರಚಿಕಿತ್ಸೆ ಆಗಿದ್ದರೆ ಮನೆಯವರು ಮೊದಲೇ ಹೇಳಬೇಕು. ರೋಗಿ ತಾವಾಗಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಆ ಎರಡು ದಿನಗಳಲ್ಲಿ ಆಂಟಿಬಯಾಟಿಕ್ ನಿಂತಿರಲಿಲ್ಲವಾದರೆ ಚಿಕಿತ್ಸೆ ನಡೆದೇ ಇತ್ತು. ತಡವಾದದ್ದು ಕವಾಟದ ಹಾನಿ ಎಷ್ಟೆಂದು ತಿಳಿಯುವುದು ಮತ್ತು ಶಸ್ತ್ರಚಿಕಿತ್ಸಕರ ಅಭಿಪ್ರಾಯ ಪಡೆಯುವುದು.

ಈ ಎರಡನೆಯದು ಈಗಲೂ ಮುಖ್ಯ. 10 ಮಿಲಿಮೀಟರ್ ಮೀರಿದ ಗೆಡ್ಡೆಯ ತುಣುಕು ಕಳಚಿ ಮಿದುಳಿಗೆ ಸಾಗುವ ಅಪಾಯ ಹೆಚ್ಚು, ಅದರಲ್ಲೂ ಚಿಕಿತ್ಸೆಯ ಮೊದಲ ವಾರಗಳಲ್ಲಿ. ಕವಾಟ ಎಷ್ಟು ಸೋರುತ್ತಿದೆ, ಬುಡದಲ್ಲಿ ಕೀವಿದೆಯೇ, ಹೃದಯ ಶಸ್ತ್ರಚಿಕಿತ್ಸಕರು ನೋಡಿದ್ದಾರೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಹಳೆಯ ಡಯಾಲಿಸಿಸ್ ನಳಿಕೆಯನ್ನು ತೆಗೆದಿದ್ದಾರೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಆಂಟಿಬಯಾಟಿಕ್ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನಡೆಯುತ್ತದೆ. ಜ್ವರ ಇಳಿದ ಮಾತ್ರಕ್ಕೆ ನಿಲ್ಲಿಸುವಂತಿಲ್ಲ. ಅದು ಮುಗಿದಾಗ ಎದೆಯ ಮೇಲಿಂದ ಇನ್ನೊಂದು ಎಕೋ ಮಾಡಿಸಿ, ಮುಂದಿನ ಹೋಲಿಕೆಗಾಗಿ ಆ ವರದಿಯನ್ನು ಜೋಪಾನವಾಗಿಡಿ.