ಸೂಟಿ ದಿನ ಸುಮ್ನೆ ಕೂತರೆ ತಪ್ಪು ಮಾಡಿದ ಹಾಗೆ ಯಾಕೆ ಅನಿಸುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ವಾರಕ್ಕೊಂದು ದಿನ ಸೂಟಿ ಸಿಗುತ್ತದೆ, ಆದರೆ ಅವತ್ತು ಸುಮ್ನೆ ಕೂತರೆ ಏನೋ ತಪ್ಪು ಮಾಡುತ್ತಿದ್ದೇನೆ ಅನಿಸುತ್ತದೆ, ಲ್ಯಾಪ್‌ಟಾಪ್ ಮುಚ್ಚಿಟ್ಟರೂ ತಲೆಯಲ್ಲಿ ಕೆಲಸ ಓಡುತ್ತಲೇ ಇರುತ್ತದೆ, ನೀವೆಲ್ಲ ಹೇಗೆ ನಿಭಾಯಿಸುತ್ತೀರಿ ಅಂತ ಕೇಳಿದ್ದೀರಿ. ನನ್ನದು ಕಂಪ್ಯೂಟರ್ ಮುಂದೆ ಕೂರುವ ಕೆಲಸ ಅಲ್ಲ. ವಿಜಯಪುರದಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಸಣ್ಣ ಕೇಂದ್ರ ನಡೆಸುತ್ತೇನೆ. ನಮ್ಮ ಓಣಿಯ ಕೆಲವು ಹೆಣ್ಣುಮಕ್ಕಳು ಜೊತೆಗಿದ್ದಾರೆ. ಆದರೂ ಉತ್ತರ ಬರೆಯಬೇಕು ಅನಿಸಿತು. ರೊಟ್ಟಿ ಬೇಯಿಸುವ ಹಂಚಿನ ಮುಂದೆ ಕೂತು ನಾವೂ ಇದೇ ವಿಷಯವನ್ನು ಬಹಳ ಮಾತಾಡಿದ್ದೇವೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕೆಲಸ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತೇ ಬಿಡುವು ಅಂದುಕೊಂಡರೆ ಅದು ಯಾವತ್ತೂ ಸಿಗುವುದಿಲ್ಲ. ಕೆಲಸ ಮುಗಿಯುವಂಥದ್ದೇ ಅಲ್ಲ. ದಿನವನ್ನು ಮೊದಲೇ ಗೊತ್ತು ಮಾಡಿ ಇಡಬೇಕು. ಕೆಲಸ ಮುಗಿದಿರಲಿ, ಬಿಡಲಿ, ಆ ದಿನ ಬಂತು ಅಂದರೆ ಕೈ ಬಿಟ್ಟು ಏಳಬೇಕು. ಇದು ನಾನು ಹುಡುಕಿದ ಹೊಸ ವಿಚಾರ ಅಲ್ಲ. ನಮ್ಮ ಕಡೆ ಎತ್ತುಗಳಿಗೆ ಇದು ಮೊದಲಿನಿಂದಲೂ ಇದೆ.

ನನ್ನ ತವರು ಡೋಣಿ ನದಿ ಸಾಲಿನ ಹಳ್ಳಿ. ಎಲ್ಲ ಕಪ್ಪು ಮಣ್ಣಿನ ಎರೆ ಹೊಲ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವ ಮಾತು ಕೇಳಿರಬಹುದು. ಹಿಂಗಾರಿ ಜೋಳವನ್ನು ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬರುವುದು ಅಷ್ಟಕ್ಕಷ್ಟೇ. ಎರೆ ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆ ಬರಬೇಕು. ಹಾಗಾಗಿ ಬಿತ್ತುವ ಹದ ತಪ್ಪಿದರೆ ದೊಡ್ಡ ನಷ್ಟ, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಅಷ್ಟಿದ್ದರೂ ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಸೋಮವಾರ ಬಸವಣ್ಣನ ವಾರ. ಬೆಳಿಗ್ಗೆ ಎತ್ತುಗಳ ಮೈ ತೊಳೆದು, ಮೇವು ಹಾಕಿ, ಕೈ ಮುಗಿದು ಬಿಟ್ಟುಬಿಡುವುದು. "ಇದೊಂದು ವಾರ ಹೂಡೋಣ" ಅನ್ನುವ ಮಾತು ಮನೆಯಲ್ಲಿ ಬಂದದ್ದೇ ಇಲ್ಲ.

ದೊಡ್ಡವಳಾದ ಮೇಲೆ ಇದರ ಬಗ್ಗೆ ಬಹಳ ಯೋಚನೆ ಮಾಡಿದ್ದೇನೆ. ಅಪ್ಪನಿಗೆ ಸೋಮವಾರ ಯಾಕೆ ಚಡಪಡಿಕೆ ಆಗುತ್ತಿರಲಿಲ್ಲ? ನನಗೆ ತಿಳಿದ ಹಾಗೆ, ಅವತ್ತು ಊರಲ್ಲಿ ಯಾರೂ ಹೂಡುತ್ತಿರಲಿಲ್ಲ, ಅದಕ್ಕೆ. ಪಕ್ಕದ ಹೊಲದವನು ಬಿತ್ತುತ್ತಿದ್ದಾನೆ, ನಾನು ಹಿಂದೆ ಬಿದ್ದೆ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ಇವತ್ತು ನಿಲ್ಲಬೇಕೋ ಬೇಡವೋ ಅಂತ ಒಬ್ಬೊಬ್ಬರೇ ತಲೆ ಕೆಡಿಸಿಕೊಳ್ಳುವ ಹಾಗೂ ಇರಲಿಲ್ಲ. ನಿಮ್ಮ ಸೂಟಿಯಲ್ಲಿ ಆ ನಿರ್ಧಾರ ಪೂರ್ತಿ ನಿಮ್ಮ ತಲೆ ಮೇಲೆ ಬಿದ್ದಿದೆ. ನೀವು ಸುಮ್ನೆ ಕೂತಾಗಲೂ ಗ್ರೂಪಿನಲ್ಲಿ ಯಾರೋ ಮೆಸೇಜ್ ಹಾಕುತ್ತಿರುತ್ತಾರೆ. ಅದಕ್ಕೇ ಬಿಡುವು ಭಾರ ಅನಿಸುವುದು. ನೀವು ಸರಿ ಇಲ್ಲ ಅಂತ ಅಲ್ಲ.

ಈಗ ಹಳ್ಳಿಯಲ್ಲೂ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ. ಅದನ್ನು ಓಡಿಸುವ ಹುಡುಗನಿಗೂ ಇಲ್ಲ.

"ಕಾಯಕವೇ ಕೈಲಾಸ, ಸುಮ್ನೆ ಕೂರಬಾರದು" ಅಂತ ನನಗೆ ಬುದ್ಧಿ ಹೇಳಿದವರು ಇದ್ದಾರೆ. ನಿಮಗೂ ಯಾರಾದರೂ ಹೇಳಿರಬಹುದು. ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದೇ. ಕಾಯಕದ ಮೇಲೆ ನಮಗಿರುವ ಭಕ್ತಿ ಸಣ್ಣದಲ್ಲ. ಆದರೆ ಅದೇ ಬಸವಣ್ಣನ ಹೆಸರು ಹೇಳಿಕೊಂಡೇ ಈ ನೆಲದ ರೈತರು ಎತ್ತಿಗೆ ವಾರದ ಸೂಟಿ ಕೊಟ್ಟರು. ಕಾಯಕ ಅಂದರೆ ದಣಿದು ಬೀಳುವ ತನಕ ದುಡಿಯುವುದು ಅಂತ ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಹೇಳದೆ ಹಳೆಯ ಕಾಲವನ್ನು ಹೊಗಳುತ್ತಾ ಹೋಗುವುದು ನನಗೆ ಇಷ್ಟವಿಲ್ಲ. ಎತ್ತಿಗೆ ಸೋಮವಾರ ಇತ್ತು. ಅವ್ವನಿಗೆ ಇರಲಿಲ್ಲ.

ಎಳ್ಳಮಾವಾಸ್ಯೆಯನ್ನೇ ನೋಡಿ. ಡಿಸೆಂಬರ್, ಜನವರಿ ಹೊತ್ತಿಗೆ ಬರುತ್ತದೆ. ಜೋಳ ಎದೆಯುದ್ದ ಬೆಳೆದಿರುತ್ತದೆ. ಮನೆ ಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ಬೆಳೆಗೆ ಚರಗ ಅಂದರೆ ನೈವೇದ್ಯದ ಅಡುಗೆ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಮಕ್ಕಳಿಗೆ, ಗಂಡಸರಿಗೆ ವರ್ಷದಲ್ಲೇ ಚೆಂದದ ದಿನ. ಆದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ, ಕಾಳು ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇವೆಲ್ಲ ಆಗಬೇಕಲ್ಲ. ಹಿಂದಿನ ದಿನದಿಂದಲೇ ಅವ್ವ ಒಲೆ ಮುಂದೆ. ಹೊಲದಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಂಡು, ಸಂಜೆ ಮನೆಗೆ ಬಂದು ಪಾತ್ರೆ ತೊಳೆಯುವವಳೂ ಅವಳೇ. ಒಬ್ಬರ ಬಿಡುವು ಇನ್ನೊಬ್ಬರ ದುಪ್ಪಟ್ಟು ಕೆಲಸ ಆಗಿತ್ತು.

ಹೆಂಗಸರಿಗೆ ಅಂತ ಇದ್ದ ಬಿಡುವು ಪಂಚಮಿ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಜೋಕಾಲಿ, ಉಂಡಿ, ಗೆಳತಿಯರು. ಇದರಲ್ಲಿ ನನಗೆ ತುಂಬಾ ಹಿಡಿಸುವುದು ಒಂದು ಪದ್ಧತಿ. ನಾಗರ ಪಂಚಮಿ ದಿನ ಒಲೆ ಮೇಲೆ ಹಂಚು ಇಡುವ ಹಾಗಿಲ್ಲ. ಅದಕ್ಕೇ ಅದಕ್ಕಿಂತ ಮೊದಲೇ ರೊಟ್ಟಿ ಹಬ್ಬ ಬರುತ್ತದೆ. ಮನೆ ಮನೆಯಲ್ಲಿ ರೊಟ್ಟಿ ಬಡಿದು, ಒಣಗಿಸಿ, ಪಲ್ಯ ಚಟ್ನಿ ಜೊತೆ ಅಕ್ಕಪಕ್ಕದ ಮನೆಗೆ ಹಂಚಿ, ಬುಟ್ಟಿ ತುಂಬಿಸಿ ಇಟ್ಟುಬಿಡುತ್ತಾರೆ. ಆಮೇಲೆ ಹಂಚು ಇಳಿಸುತ್ತಾರೆ. ಯಾರೂ ಉಪವಾಸ ಬೀಳುವುದಿಲ್ಲ, ಬಡಿಯುವ ಕೈಗೂ ಬಿಡುವು.

ನಮ್ಮ ಕೇಂದ್ರ ನಿಂತಿರುವುದು ಇದರ ಮೇಲೆ. ನಮ್ಮಲ್ಲಿ ಸೋಮವಾರ ಹಂಚು ಇಡುವುದಿಲ್ಲ.

ರೊಟ್ಟಿ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದರಲ್ಲಿ ಬಿಡುವು ಯಾಕೆ ಬೇಕು ಅಂತ. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುತ್ತಿರುವಾಗಲೇ ನಾದಬೇಕು. ಹಿಟ್ಟು ಹೊಸದಿರಬೇಕು. ಬೀಸಿಟ್ಟು ಬಹಳ ದಿನ ಆದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ. ನಾದುವುದು ಅಂಗೈಯ ಬುಡದಿಂದ, ಭುಜದ ಬಲ ಹಾಕಿ. ಆಮೇಲೆ ಉಂಡಿ ಮಾಡಿ, ಒಣ ಹಿಟ್ಟು ಉದುರಿಸಿ, ಒಂದು ಕೈಯಿಂದ ಬಡಿಯುತ್ತಾ ಇನ್ನೊಂದು ಕೈಯಿಂದ ತಿರುಗಿಸುತ್ತಾ ಹೋಗಬೇಕು. ಹಂಚಿನ ಮೇಲೆ ಹಾಕಿದ ತಕ್ಷಣ ಮೇಲಿನ ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ತಡವಾದರೆ ಬಿರುಕು. ತಿರುವಿ ಹಾಕಿ ಅಂಚು ಒತ್ತಿದರೆ ಪೂರ್ತಿ ಉಬ್ಬುತ್ತದೆ. ಉಬ್ಬಿದ ರೊಟ್ಟಿ ನೋಡುವುದು ನನಗೆ ಇವತ್ತಿಗೂ ಖುಷಿ. ಆದರೆ ಇದನ್ನೇ ದಿನವಿಡೀ ಮಾಡಿದರೆ ರಾತ್ರಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ವಿಜಯಪುರದ ಬಿಸಿಲಲ್ಲಿ ಒಲೆ ಮುಂದೆ ಕೂರುವುದು ಎಂಥ ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಸೋಮವಾರ ಬಂದ್ ಅಂದಾಗ ಖಾನಾವಳಿಯವರು ಗೊಣಗಿದರು. ಒಬ್ಬರು ಬೇರೆ ಕಡೆ ಹೋದರು, ಮತ್ತೆ ಬರಲೇ ಇಲ್ಲ. ಉಳಿದವರಿಗೆ ನಾವು ಕಡಕ್ ರೊಟ್ಟಿ ಕೊಡುತ್ತೇವೆ. ತೆಳ್ಳಗೆ ಬಡಿದು, ಬೇಯಿಸಿ, ತೇವ ಪೂರ್ತಿ ಹೋಗುವ ತನಕ ಒಣಗಿಸಿದ ರೊಟ್ಟಿ. ಗಾಳಿ, ನೀರು ತಾಗದ ಹಾಗೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶನಿವಾರ, ರವಿವಾರ ಸ್ವಲ್ಪ ಜಾಸ್ತಿ ಮಾಡಿ ಕಳಿಸಿದರೆ ಸೋಮವಾರ ಅವರ ಊಟ ನಿಲ್ಲುವುದಿಲ್ಲ.

ದುಡ್ಡಿನ ಮಾತು ಇಲ್ಲೇ ಬರಬೇಕು. ನಮ್ಮಲ್ಲಿ ಲೆಕ್ಕ ಎಲ್ಲ ರೊಟ್ಟಿಯ ಮೇಲೆ. ಎಷ್ಟು ರೊಟ್ಟಿಯೋ ಅಷ್ಟು ಕೂಲಿ. ಅಂಥವರಿಗೆ ಸೂಟಿ ಅಂದರೆ ಪಗಾರ ಇಲ್ಲದ ದಿನ. ಹಾಗಾಗಿ ಸೋಮವಾರದ ಸೂಟಿಯನ್ನು ನಾನೊಬ್ಬಳೇ ಹೇಳಿ ಮಾಡಲು ಬರುತ್ತಿರಲಿಲ್ಲ. ಎಲ್ಲರೂ ಕೂತು ಮಾತಾಡಿ, ಒಂದು ರೊಟ್ಟಿಗೆ ಸ್ವಲ್ಪ ಬೆಲೆ ಏರಿಸಿ, ಆ ಏರಿಕೆ ಪೂರ್ತಿ ಬಡಿಯುವವರ ಕೈಗೆ ಹೋಗಬೇಕು ಅಂತ ಮಾಡಿಕೊಂಡೆವು. ಅಷ್ಟಾದ ಮೇಲೆಯೇ ಸೋಮವಾರ ಎಲ್ಲರಿಗೂ ನಿದ್ದೆ ಹತ್ತಿದ್ದು. ನಿಮ್ಮಂಥ ತಿಂಗಳ ಪಗಾರದವರಿಗೆ ಈ ಚಿಂತೆ ಇಲ್ಲ. ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಮುಂಬೈ ಗಿರಣಿ ಕಾರ್ಮಿಕರಿಗೆ ರವಿವಾರದ ಸೂಟಿ ಸಿಕ್ಕಿದ್ದು 1890ರಲ್ಲಿ. ಅದಕ್ಕಾಗಿ ಕಾರ್ಮಿಕರ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರು ವರ್ಷಗಟ್ಟಲೆ ಹೋರಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲೂ ವಾರದ ರಜೆ ಸೇರಿತು. ನಿಮ್ಮ ಕೈಗೆ ಬಂದಿರುವ ಆ ದಿನದ ಹಿಂದೆ ಇಷ್ಟು ಜನ ಇದ್ದಾರೆ. ಅದನ್ನು ಅನುಭವಿಸಲು ಯಾರ ಅಪ್ಪಣೆಯೂ ಬೇಡ.

ಸೋಮವಾರ ನಾವು ಏನು ಮಾಡುತ್ತೇವೆ? ಕೆಲವರು ಮಧ್ಯಾಹ್ನದ ತನಕ ಮಲಗುತ್ತಾರೆ. ಕೆಲವರು ಸಿದ್ಧೇಶ್ವರ ಗುಡಿಗೆ ಹೋಗುತ್ತಾರೆ. ಒಮ್ಮೆ ಎಲ್ಲರೂ ಸೇರಿ ಬೆಳಿಗ್ಗೆ ಬೇಗ, ಪ್ರವಾಸಿಗರು ಬರುವ ಮೊದಲೇ, ಗೋಳಗುಮ್ಮಟಕ್ಕೆ ಹೋದೆವು. ನಮ್ಮಲ್ಲಿ ಹಿರಿಯಳಾದ ಒಬ್ಬಳು ಇದೇ ಊರಲ್ಲಿ ಹುಟ್ಟಿ, ಇದೇ ಊರಲ್ಲಿ ಮದುವೆಯಾದವಳು. ಅಷ್ಟು ವರ್ಷ ದಿನಾ ಆ ಗುಮ್ಮಟ ನೋಡಿಕೊಂಡೇ ಓಡಾಡಿದರೂ ಒಂದು ಸಲವೂ ಮೇಲೆ ಹತ್ತಿರಲಿಲ್ಲ. ಹೊತ್ತೇ ಸಿಕ್ಕಿರಲಿಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ, ನಡುವೆ ಕೂತು ಉಸಿರು ತಗೊಂಡು, ಪಿಸುಗುಟ್ಟುವ ಗ್ಯಾಲರಿಗೆ ಬಂದೆವು. ಅವಳು ಆ ಕಡೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದಳು, ನಾನು ಈ ಕಡೆ ಕಿವಿಯಿಟ್ಟೆ. ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ ಅದು. ಅಷ್ಟು ದೂರದಿಂದಲೂ ಮಾತು ಕಿವಿ ಪಕ್ಕದಲ್ಲೇ ಆಡಿದಷ್ಟು ಸ್ಪಷ್ಟ ಕೇಳಿಸಿತು. "ಇವತ್ತ ಕೈ ನೋಯವಲ್ದು ನೋಡ" ಅಂದಳು.

ಇನ್ನೊಬ್ಬಳು ಸೋಮವಾರ ಕೌದಿ ಹೊಲಿಯುತ್ತಾಳೆ. ಹಳೆ ಸೀರೆ ಪದರ ಪದರ ಹಾಸಿ, ಬಣ್ಣದ ತುಂಡು ಕೂರಿಸಿ, ಸೂಜಿ ಹಿಡಿದು ಸಂಜೆ ತನಕ. ಇದೂ ಕೆಲಸವೇ ಅಲ್ವಾ ಅಂತ ಕೇಳಬಹುದು. ಹೌದು. ನನ್ನ ಅತ್ತೆಯೂ ಹಾಗೇ, ಸೋಮವಾರ ಕೂಡ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂರುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಯಾಕಂದರೆ ಅದನ್ನು ಯಾರೂ ಎಣಿಸುವುದಿಲ್ಲ. ರೊಟ್ಟಿಗೆ ಎಣಿಕೆ ಇದೆ. ಕೌದಿಯ ಹೊಲಿಗೆಗೆ ಇಲ್ಲ. ಇಷ್ಟೊತ್ತಿಗೆ ಮುಗಿಯಬೇಕು ಅಂತಲೂ ಇಲ್ಲ. ಬೇಜಾರಾದರೆ ಮಡಚಿಟ್ಟು ಎದ್ದು ಹೋಗಬಹುದು. ಕೈ ಆಡುತ್ತಿದೆಯೋ ಇಲ್ಲವೋ ಅನ್ನುವುದಕ್ಕಿಂತ, ಎಣಿಸುವವರು ಯಾರಾದರೂ ಇದ್ದಾರೋ ಇಲ್ಲವೋ ಅನ್ನುವುದು ದೊಡ್ಡದು. ನಿಮ್ಮ ಸೂಟಿಯಲ್ಲಿ ಎಣಿಕೆ ಹೊಕ್ಕಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಎಷ್ಟು ಹೆಜ್ಜೆ ನಡೆದೆ, ಎಷ್ಟು ಪುಟ ಓದಿದೆ, ಯಾವ ಹೊಸ ಕೋರ್ಸ್ ಮುಗಿಸಿದೆ ಅಂತ ಲೆಕ್ಕ ಇಡುತ್ತಿದ್ದರೆ ಅದು ಇನ್ನೊಂದು ನೌಕರಿಯೇ ಆಯಿತು.

ನಿಮಗೆ ನಾನು ಹೇಳುವುದು ಇಷ್ಟು. ಯಾವ ದಿನ ಅಂತ ಗೊತ್ತು ಮಾಡಿ, ಜೊತೆ ಕೆಲಸದವರಿಗೆ ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಅವರೂ ಅದೇ ದಿನ ಬಿಡುವು ತಗೊಳ್ಳಲಿ, ಆಗ ಇನ್ನೂ ಸುಲಭ. ಹಿಂದಿನ ಸಂಜೆ ಸ್ವಲ್ಪ ಹೊತ್ತು ಕೂತು, ಉಳಿದ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಬರೆದಿಟ್ಟದ್ದನ್ನು ತಲೆ ಮತ್ತೆ ಮತ್ತೆ ನೆನಪಿಸುವುದು ಕಡಿಮೆ ಆಗುತ್ತದೆ. ಮೊದಮೊದಲು ಕೈ ಚಡಪಡಿಸುತ್ತದೆ. ನಮ್ಮವರಿಗೂ ಆಗಿತ್ತು, ಒಬ್ಬಳಂತೂ ಸೋಮವಾರ ಬಂದು ಬೀಗ ಹಾಕಿದ ಬಾಗಿಲು ನೋಡಿಕೊಂಡು ಹೋಗುತ್ತಿದ್ದಳು. ಬರಬರುತ್ತಾ ನಿಂತಿತು.

ಕೊನೆಗೆ ಒಂದು ಕೇಳಬೇಕು. ನಿಮ್ಮ ಸೂಟಿ ದಿನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ಅಮ್ಮನೋ ಹೆಂಡತಿಯೋ ಅವತ್ತು ಜಾಸ್ತಿ ಹೊತ್ತು ಒಲೆ ಮುಂದೆ ನಿಲ್ಲುತ್ತಿದ್ದರೆ, ಅವರಿಗೂ ಅದೇ ದಿನ ಬಿಡುವು ಸಿಗುವ ಹಾಗೆ ಮಾಡಿ. ಹಿಂದಿನ ದಿನ ನೀವೇ ಕಾಳು ನೆನೆಸಿಡಿ, ಮೊಸರು ಹೆಪ್ಪು ಹಾಕಿ. ಕಡಕ್ ರೊಟ್ಟಿ ಈಗ ಬೆಂಗಳೂರಿನಲ್ಲೂ ಸಿಗುತ್ತದೆ. ಶೇಂಗಾ ಚಟ್ನಿ, ಗಟ್ಟಿ ಮೊಸರು, ಮೊಳಕೆ ಬಂದ ಹೆಸರುಕಾಳು, ಸೌತೆಕಾಯಿ, ಹಸಿ ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆಯೇ ಇಡೀ ಮನೆ ಹೊಟ್ಟೆ ತುಂಬ ಉಣ್ಣಬಹುದು.